ದಾರಂದದ ಸಂದಿಗೆ ಫೋಮ್: ಅರ್ಧಕ್ಕೇ ಕೈ ತಡೆಯಿರಿ

ಕಾರವಾರ, ಶಿರಸಿ ಕಡೆಯ ಚಿರೆಕಲ್ಲಿನ ಗೋಡೆಗೆ ದಾರಂದ (ಬಾಗಿಲ ಚೌಕಟ್ಟು) ಕೂರಿಸಿದರೆ ಸುತ್ತ ಬೆರಳು ಹೋಗುವಷ್ಟು ಸಂದಿ ಉಳಿದೇ ಉಳಿಯುತ್ತದೆ. ಅದಕ್ಕೆ ಪಿಯು ಫೋಮ್ (ಡಬ್ಬಿಯಿಂದ ಗನ್ನಿನಲ್ಲಿ ಹೊಡೆದಾಗ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ನೊರೆ) ಹೊಡೆಯುವವರಲ್ಲಿ ಹೆಚ್ಚಿನವರು ಸಂದಿ ಪೂರ್ತಿ ಮುಚ್ಚುವ ತನಕ ಟ್ರಿಗರ್ ಬಿಡುವುದಿಲ್ಲ. ಆಮೇಲೆ ಫೋಮ್ ಉಬ್ಬಿ ದಾರಂದವನ್ನು ಒಳಕ್ಕೆ ತಳ್ಳುತ್ತದೆ, ಬಾಗಿಲು ಉಜ್ಜಲು ಶುರುವಾಗುತ್ತದೆ.

ಗನ್ನಿಗೆಂದೇ ಇರುವ 750 ಮಿ.ಲೀ. ಡಬ್ಬಿ ತನ್ನಿ. ಸಣ್ಣ ನಳಿಗೆಯ ಡಬ್ಬಿ ಗನ್ನಿಗೆ ಕೂರುವುದಿಲ್ಲ, ಅದರ ಫೋಮ್ ಉಬ್ಬುವುದೂ ಜಾಸ್ತಿ. ಅವಧಿ ಮುಗಿದದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಗನ್ ಲೋಹದ್ದೇ ಇರಲಿ.

ಕೈಗವಸು, ಕನ್ನಡಕ ಹಾಕಿ, ಕಿಟಕಿ ತೆರೆದಿಡಿ. ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು. ಡಬ್ಬಿಯ ಗ್ಯಾಸ್ ಹೊತ್ತಿಕೊಳ್ಳುವಂಥದ್ದು. ದಾರಂದವನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್, ಮೊದಲೇ ಕೂತಿರಬೇಕು, ಫೋಮ್ ದಾರಂದದ ಭಾರ ಹೊರುವುದಿಲ್ಲ. ದಾರಂದದ ನಡುವೆ ಮೇಲೆ, ಮಧ್ಯ, ಕೆಳಗೆ ಅಡ್ಡಪಟ್ಟಿ ಬಿಗಿಯಾಗಿ ಕೊಡಿ.

ಚಿರೆಕಲ್ಲಿನ ಕೆಂಪು ಹುಡಿಯ ಮೇಲೆ ಫೋಮ್ ಕಚ್ಚುವುದಿಲ್ಲ. ಬ್ರಷ್‌ನಿಂದ ಉಜ್ಜಿ ತೆಗೆದು, ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಫೋಮ್ ಗಟ್ಟಿಯಾಗುವುದೇ ತೇವದಿಂದ. ಕಲ್ಲು ಒದ್ದೆಯಾಗಬೇಕು, ನೀರು ಇಳಿಯಬಾರದು. ಮಳೆಗಾಲದಲ್ಲಿ ಗೋಡೆಯೇ ತೇವವಾಗಿದ್ದರೆ ನೀರು ಸಿಂಪಡಿಸುವುದನ್ನು ಬಿಡಿ.

ಡಬ್ಬಿಯನ್ನು 20–30 ಸಲ ಚೆನ್ನಾಗಿ ಅಲ್ಲಾಡಿಸಿ ಗನ್ನಿಗೆ ತಿರುಗಿಸಿ. ಹೊಡೆಯುವಾಗ ಡಬ್ಬಿ ಮೇಲೆ, ಗನ್ ಕೆಳಗೆ. ಅಡ್ಡ ಹಿಡಿದರೆ ಗ್ಯಾಸ್ ಮಾತ್ರ ಹೊರಟು ಕೊನೆಗೆ ಫೋಮ್ ಡಬ್ಬಿಯಲ್ಲೇ ಉಳಿಯುತ್ತದೆ.

ಇನ್ನು ಕೈಯ ಕೆಲಸ. ಗನ್ನಿನ ಹಿಂದಿನ, ಫೋಮ್ ಎಷ್ಟು ಬರಬೇಕೆಂದು ಹದ ಮಾಡುವ ಸ್ಕ್ರೂ ಪೂರ್ತಿ ಮುಚ್ಚಿಕೊಂಡು ಸ್ವಲ್ಪ ಸ್ವಲ್ಪವೇ ಬಿಡಿ, ರಟ್ಟಿನ ತುಂಡಿನ ಮೇಲೆ ಗೆರೆ ಎಳೆದು ನೋಡಿ. ಫೋಮ್ ಬೇಕಾದ ದಪ್ಪಕ್ಕೆ ಬಂದ ಮೇಲೆ ಸ್ಕ್ರೂ ಮುಟ್ಟಬೇಡಿ. ಟ್ರಿಗರ್ ಒಂದೇ ಹದದಲ್ಲಿ ಒತ್ತಿ, ಕೈಯ ವೇಗದಿಂದಲೇ ಪ್ರಮಾಣ ನೋಡಿಕೊಳ್ಳಿ. ನಳಿಗೆಯ ತುದಿ ಸಂದಿಯ ಒಳಗಿರಲಿ. ಕೆಳಗಿನಿಂದ ಮೇಲಕ್ಕೆ ಹೋಗಿ, ಆಗ ಮೊದಲು ಬಿದ್ದ ಫೋಮ್ ಮುಂದಿನದನ್ನು ಹೊರುತ್ತದೆ. ಸಂದಿ ಅರ್ಧ ತುಂಬಿದರೆ ಸಾಕು. ಮಧ್ಯೆ ಟೊಳ್ಳು ಕಂಡರೆ ತಕ್ಷಣ ಮತ್ತೆ ಹೊಡೆಯಬೇಡಿ, ಉಬ್ಬಿ ನಿಂತ ಮೇಲೆ ನೋಡಿ. ಮೂರು ಸೆಂ.ಮೀ.ಗಿಂತ ಅಗಲದ ಸಂದಿಗೆ ಒಂದೇ ಸಲ ಸುರಿದರೆ ಹೊರಗೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಅಂಥ ಕಡೆ ಒಂದು ಪದರ ಹೊಡೆದು, ಅರ್ಧ ಗಂಟೆ ಬಿಟ್ಟು, ನೀರು ಸಿಂಪಡಿಸಿ ಎರಡನೆಯದು.

ಹೊರಗೆ ಬಂದ ಹಸಿ ಫೋಮನ್ನು ಬೆರಳಿನಿಂದ ಒತ್ತುವವರಿದ್ದಾರೆ. ಒತ್ತಿದಲ್ಲಿ ಗುಳ್ಳೆ ಒಡೆದು ತಗ್ಗಾಗುತ್ತದೆ. ಗಟ್ಟಿಯಾದ ಮೇಲೆ ಚಾಕುವಿನಿಂದ ಸಪಾಟಾಗಿ ಕತ್ತರಿಸಿ. ಅಡ್ಡಪಟ್ಟಿ ಮಾತ್ರ 24 ಗಂಟೆ ತೆಗೆಯಬೇಡಿ.

ಕತ್ತರಿಸಿದ ಮುಖ ನೀರು ಹೀರುತ್ತದೆ, ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಪಡುವಣ ಗಾಳಿಯ ಮಳೆ ನೇರ ಬಡಿಯುವ ಕಡಲದಂಡೆಯ ಮನೆಗಳಲ್ಲಿ ಹೊರಭಾಗಕ್ಕೆ ಪ್ಲಾಸ್ಟರ್ ಅಥವಾ ಸೀಲೆಂಟ್ ಬೇಕೇ ಬೇಕು. ಗೆದ್ದಲು ಫೋಮನ್ನೂ ಕೊರೆಯುತ್ತದೆ, ಮರಕ್ಕೆ ಔಷಧಿಯನ್ನು ಮೊದಲೇ ಹಚ್ಚಿರಿ.

ಡಬ್ಬಿಯಲ್ಲಿ ಫೋಮ್ ಉಳಿದಿದ್ದರೆ ಅದನ್ನು ಗನ್ನಿನಿಂದ ಕಳಚಬೇಡಿ. ಸ್ಕ್ರೂ ಮುಚ್ಚಿ, ತುದಿಯನ್ನು ಹಸಿ ಫೋಮ್ ಕರಗಿಸುವ ಕ್ಲೀನರ್‌ನಿಂದ ಒರೆಸಿ ನೆಟ್ಟಗೆ ನಿಲ್ಲಿಸಿಡಿ. ಖಾಲಿಯಾದರೆ ತಕ್ಷಣ ಹೊಸ ಡಬ್ಬಿ ಅಥವಾ ಕ್ಲೀನರ್ ಡಬ್ಬಿ ಹಾಕಿ. ಗನ್ನಿನೊಳಗೆ ಒಮ್ಮೆ ಗಟ್ಟಿಯಾದ ಫೋಮ್ ಈ ಕ್ಲೀನರ್‌ಗೆ ಕರಗುವುದಿಲ್ಲ.