ಮಾಮೂಲಿ ಬೇಸ್ ಗಿಟಾರನ್ನು ಹೆಡ್‌ಲೆಸ್ ಮಾಡುವುದು ಹೇಗೆ?

ಹೆಡ್‌ಲೆಸ್ ಎಂದರೆ ನೆಕ್ ತುದಿಯ ಹೆಡ್‌ಸ್ಟಾಕ್ (ಟ್ಯೂನರ್‌ಗಳಿರುವ ತಲೆಭಾಗ) ಕತ್ತರಿಸಿ, ಅಲ್ಲಿ ತಂತಿಯ ತುದಿ ಹಿಡಿಯುವ ಹೆಡ್‌ಪೀಸ್ ಕೂರಿಸಿ, ಟ್ಯೂನರ್‌ಗಳನ್ನು ಬಾಡಿಯ ಮೇಲಿನ ಬ್ರಿಡ್ಜ್‌ಗೆ ಒಯ್ಯುವುದು. ಗರಗಸ ಹಿಡಿಯುವ ಮೊದಲು ಟ್ರಸ್ ರಾಡ್ (ನೆಕ್‌ನೊಳಗಿದ್ದು ಅದರ ಬಾಗು ಸರಿಪಡಿಸುವ ಸರಳು) ಬಿಗಿಸುವ ತುದಿ ಎಲ್ಲಿದೆ ನೋಡಿ. ನೆಕ್‌ನ ಬುಡದಲ್ಲಿದ್ದರೆ ಕೆಲಸ ಸಲೀಸು. ಹೆಡ್‌ಸ್ಟಾಕ್ ಕಡೆ ಇದ್ದರೆ ಹೆಡ್‌ಪೀಸ್ ಅದರ ಮೇಲೆಯೇ ಬಂದು ಕೂರುತ್ತದೆ. ಮುಂದೆ ನೆಕ್ ಬಾಗಿದಾಗ ಅಲೆನ್ ಕೀ ತೂರಿಸಲು ಜಾಗವೇ ಇರುವುದಿಲ್ಲ. ಅಂಥ ನೆಕ್ ಬಿಟ್ಟು ಬೇರೆಯದನ್ನು ಹುಡುಕುವುದೇ ಒಳ್ಳೆಯದು. ಹಿಂದಕ್ಕೆ ವಾಲಿದ ಹೆಡ್‌ಸ್ಟಾಕ್ ಕೂಡ ಬೇಡ. ನಟ್ (ಫ್ರೆಟ್‌ಬೋರ್ಡ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ದಾಟಿದ ಕೂಡಲೇ ಮರ ಇಳಿಜಾರಾಗುವುದರಿಂದ ಹೆಡ್‌ಪೀಸ್ ನೆಟ್ಟಗೆ ಕೂರದು.

ಹೆಡ್‌ಪೀಸನ್ನು ನಟ್‌ನ ಹಿಂದೆ ಇಟ್ಟು ಗುರುತು ಹಾಕಿ, ಅದರ ಉದ್ದಕ್ಕಿಂತ 3 ಮಿ.ಮೀ. ಹೆಚ್ಚು ಮರ ಉಳಿಸಿ. ಸ್ಕ್ರೂ ತೂತುಗಳನ್ನು ಕತ್ತರಿಸುವುದಕ್ಕೂ ಮೊದಲೇ ಕೊರೆಯಿರಿ. ಹೆಡ್‌ಸ್ಟಾಕ್ ಇಡಿಯಾಗಿರುವಾಗ ಕ್ಲ್ಯಾಂಪ್ ಹಿಡಿಯುವುದು ಸುಲಭ. ಮೇಪಲ್ ಮರದಲ್ಲಿ 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು ಬೇಕು. ಸ್ಕ್ರೂಗೆ ಮೇಣ ಸವರಿ ಹಾಕಿದರೆ ತಲೆ ಮುರಿಯುವ ಭಯ ಕಡಿಮೆ. 34 ಇಂಚಿನ ಸ್ಕೇಲ್ (ನಟ್‌ನಿಂದ ಸ್ಯಾಡಲ್‌ವರೆಗಿನ ತಂತಿಯ ಉದ್ದ) ಇರುವ ಬೇಸ್‌ನಲ್ಲಿ 45–105ರ (ಇಂಚಿನ ಸಾವಿರದ ಭಾಗದಲ್ಲಿ ದಪ್ಪ) ನಾಲ್ಕು ತಂತಿಗಳು ಸೇರಿ ಸುಮಾರು 80 ಕೆ.ಜಿ. ಎಳೆಯುತ್ತವೆ. ಆದ್ದರಿಂದ ನೆಕ್‌ನ ಕತ್ತರಿಸಿದ ತುದಿಗೆ, ಮರದ ಎಳೆಯ ಉದ್ದಕ್ಕೆ ಇಳಿಯುವ ಸ್ಕ್ರೂಗಳನ್ನಷ್ಟೇ ನಂಬಬೇಡಿ. ಅಲ್ಲಿ ಹಿಡಿತ ಕಡಿಮೆ. ಮೇಲಿನಿಂದ ಅಡ್ಡ ಎಳೆಗೆ ಸ್ಕ್ರೂ ಇಳಿಯುವಂಥ ಹೆಡ್‌ಪೀಸ್ ಆರಿಸಿ. ತಂತಿ ನಟ್‌ನಿಂದ 15 ಮಿ.ಮೀ. ಹಿಂದೆ ಹೋಗುವಷ್ಟರಲ್ಲಿ 2–3 ಮಿ.ಮೀ. ಕೆಳಗಿಳಿಯಬೇಕು. ಇಳಿಯದಿದ್ದರೆ ಖಾಲಿ ತಂತಿ ಗುಂಯ್‌ಗುಡುತ್ತದೆ.

ಬ್ರಿಡ್ಜ್‌ಗೆ ಲೆಕ್ಕ ಸರಳ: 34 ಇಂಚಿನ ಬೇಸ್‌ನಲ್ಲಿ ನಟ್‌ನಿಂದ 12ನೇ ಫ್ರೆಟ್‌ಗೆ 432 ಮಿ.ಮೀ., ಅದರ ಎರಡರಷ್ಟು 864. ಜಿ ತಂತಿಯ (ಅತಿ ತೆಳು) ಸ್ಯಾಡಲನ್ನು (ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಣುಕು) ಮುಂದಕ್ಕೆ ಇನ್ನೂ 2 ಮಿ.ಮೀ. ಸರಿಯುವಂತೆ ಬಿಟ್ಟು, ಆ ಗೆರೆಯ ಮೇಲೆ ಇಡಿ. ಇ ತಂತಿಗೆ (ಅತಿ ದಪ್ಪ) ಹಿಂದಕ್ಕೆ 3–6 ಮಿ.ಮೀ. ಜಾಗ ಬೇಕಾಗುತ್ತದೆ. ಕೊರೆಯುವ ಮುನ್ನ ನಟ್‌ನ ಎರಡು ಹೊರ ಗೀರುಗಳಿಂದ ಸ್ಯಾಡಲ್‌ಗೆ ಹೊಲಿಗೆ ದಾರ ಎಳೆದು ಕಟ್ಟಿ. ಕೊನೆಯ ಫ್ರೆಟ್ ಹತ್ತಿರ ದಾರಕ್ಕೂ ಫ್ರೆಟ್‌ಬೋರ್ಡ್ ಅಂಚಿಗೂ ನಡುವಿನ ಅಂತರ ಎರಡೂ ಕಡೆ ಒಂದೇ ಬರಬೇಕು. ಕೂದಲೆಳೆಯಷ್ಟು ತಪ್ಪಿದರೂ ಆಗಲೇ ಸರಿಪಡಿಸಿ, ತೂತು ಬಿದ್ದ ಮೇಲೆ ಆಗದು. ಟ್ಯೂನರ್ ಗುಬ್ಬಿಗಳು (ತಿರುಗಿಸುವ ನಾಬ್‌ಗಳು) ಬಾಡಿಯ ಒಳಗೆ ಬಂದರೆ ಸುತ್ತ 20 ಮಿ.ಮೀ. ಮರ ತೆಗೆಯಿರಿ, ಬೆರಳು ಆಡಬೇಕಲ್ಲ.

ಇನ್ನೊಂದು, ಬಹಳ ಜನ ಎಡವುವ ಜಾಗ: ಬಣ್ಣದ ಆನೋಡೈಸ್ಡ್ ಅಲ್ಯೂಮಿನಿಯಂ ಪದರ ವಿದ್ಯುತ್ ಹರಿಯಗೊಡುವುದಿಲ್ಲ. ಗ್ರೌಂಡ್ ವೈರ್ ತಾಗುವ ಕಡೆ ಬ್ರಿಡ್ಜ್‌ನ ತಳ ಕೆರೆದು ಲೋಹ ಕಾಣಿಸಿ. ಆಮೇಲೆ ಮಲ್ಟಿಮೀಟರಿನಲ್ಲಿ ತಂತಿಯಿಂದ ಜ್ಯಾಕ್‌ವರೆಗೆ ನೋಡಿ. ಹೀಗೆ ಮಾಡದಿದ್ದರೆ ಹಮ್ ಹೋಗುವುದಿಲ್ಲ.

ತಂತಿ ಹಾಕುವಾಗ ಟ್ಯೂನರ್ ದವಡೆಯನ್ನು (ತಂತಿಯನ್ನು ಹಿಡಿದು ಹಿಂದೆ ಮುಂದೆ ಸರಿಯುವ ತುಣುಕು) ಪೂರ್ತಿ ಸಡಿಲಿಸಿ, ಮುಂದಕ್ಕೆ ತನ್ನಿ. ತಂತಿಯ ಬಾಲ್ (ಲೋಹದ ಗುಂಡು) ಇರುವ ತುದಿಯನ್ನು ಅದರಲ್ಲಿ ಕೂರಿಸಿ, ಇನ್ನೊಂದು ತುದಿಯನ್ನು ಹೆಡ್‌ಪೀಸ್‌ನೊಳಗೆ ಹಾಯಿಸಿ ಇಕ್ಕಳದಿಂದ ಬಿಗಿಯಾಗಿ ಎಳೆದು ಹಿಡಿದೇ ಸ್ಕ್ರೂ ಬಿಗಿಸಿ. ಸಡಿಲ ಉಳಿದರೆ ಶ್ರುತಿ ಮುಟ್ಟುವ ಮೊದಲೇ ದವಡೆಯ ಓಟ ಮುಗಿದುಹೋಗುತ್ತದೆ. ಹೆಚ್ಚಾದದ್ದನ್ನು ಮೊದಲು ಲಂಬಕ್ಕೆ ಬಗ್ಗಿಸಿ, ಬಗ್ಗಿದ ಜಾಗದಿಂದ ಸ್ವಲ್ಪ ಆಚೆ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಸುತ್ತಿದ ಹೊರತಂತಿ ಒಳಗಿನ ಉಕ್ಕಿನಿಂದ ಸಡಿಲಗೊಂಡು ಬಿಚ್ಚಿಕೊಳ್ಳಬಹುದು, ಆ ತಂತಿ ಮತ್ತೆ ಸರಿಯಾಗಿ ನುಡಿಯದು. ಎರಡು ತುದಿಗೂ ಬಾಲ್ ಇರುವ ತಂತಿಗೆ ಈ ಗೊಡವೆಯಿಲ್ಲ, ಆದರೆ ಅದರ ಉದ್ದ ಸ್ಕೇಲ್‌ಗೆ ಹೊಂದಲೇಬೇಕು.

ಇ ತಂತಿ ಬಿಗಿಸುವಾಗ ಗುಬ್ಬಿ ಬೆರಳಿಗೆ ನೋವಾಗುವಷ್ಟು ಗಟ್ಟಿಯಾಗಿದ್ದರೆ ಇಕ್ಕಳ ಹಾಕಬೇಡಿ. ತಂತಿ ತೆಗೆದು, ಥ್ರೆಡ್ ಒರೆಸಿ, ಲಿಥಿಯಂ ಗ್ರೀಸ್ ಹಚ್ಚಿ. ಗುಬ್ಬಿ ಬ್ರಿಡ್ಜ್‌ಗೆ ಒತ್ತುವ ಮುಖಕ್ಕೂ ಗ್ರೀಸ್ ಬೇಕು, ಏಕೆಂದರೆ ತಿಕ್ಕಾಟದ ದೊಡ್ಡ ಪಾಲು ಅಲ್ಲೇ ಇರುತ್ತದೆ. ಅಲ್ಲಿ ಚಪ್ಪಟೆ ಥ್ರಸ್ಟ್ ಬೇರಿಂಗ್ (ಒತ್ತಡ ಹೊತ್ತೂ ಸಲೀಸಾಗಿ ತಿರುಗಿಸುವ ಬೇರಿಂಗ್) ಹಿಡಿಸುವಂತಿದ್ದರೆ ಹಾಕಿ, ವ್ಯತ್ಯಾಸ ಕೂಡಲೇ ಬೆರಳಿಗೆ ತಿಳಿಯುತ್ತದೆ. ಸ್ವಂತವಾಗಿ ಟ್ಯೂನರ್ ಮಾಡಿಸುವವರು ಸ್ಟೇನ್‌ಲೆಸ್ ಸ್ಕ್ರೂಗೆ ಸ್ಟೇನ್‌ಲೆಸ್ ದವಡೆ ಇಡಬೇಡಿ, ಎರಡೂ ಕಚ್ಚಿಕೊಂಡು ಜಾಮ್ ಆಗುತ್ತವೆ. ದವಡೆ ಹಿತ್ತಾಳೆಯದ್ದಿರಲಿ.