ಅಜ್ಜಿಯ ಅರ್ಧ ಫೋಟೋ

ತಂಗಿಯ ಸೀಮಂತದ ದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಅಡ್ಡಾಗಿದ್ದರು. ಚಿಕ್ಕಪ್ಪನ ಮಗ ನನ್ನ ಕ್ಯಾಮೆರಾದ ಕಾರ್ಡ್ ತೆಗೆದು ಅವನ ಲ್ಯಾಪ್‌ಟಾಪಿಗೆ ಹಾಕಿದ್ದಾನೆ. ಕಾರ್ಡ್ ರೀಡರ್ ಸಡಿಲ. ಎಳೆದು, ಮತ್ತೆ ಹಾಕಿ, ಮತ್ತೆ ಎಳೆದು ಮಾಡುವಾಗ, ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ ವಿಂಡೋಸ್ ಕೇಳಿತಂತೆ. ಅವನು ಹೂಂ ಅಂದಿದ್ದಾನೆ. ಅಷ್ಟಕ್ಕೇ ನಿಂತಿದ್ದರೆ ನನ್ನ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಹೆದರಿಕೊಂಡು ಯಾರಿಗೂ ಹೇಳದೆ ಕಾರ್ಡನ್ನು ಕ್ಯಾಮೆರಾದೊಳಗೆ ವಾಪಸ್ ಇಟ್ಟುಬಿಟ್ಟ. ಸಂಜೆ ನಾನು ಅದರಲ್ಲೇ ಇನ್ನೂ ನಲವತ್ತು ಫೋಟೋ ತೆಗೆದೆ.

ಬೆಂಗಳೂರಿಗೆ ಬಂದು ನೋಡಿದರೆ ಕಾರ್ಡಿನಲ್ಲಿ ಆ ನಲವತ್ತೇ ಇವೆ. ಬೆಳಿಗ್ಗೆಯದು ಒಂದೂ ಇಲ್ಲ. ಬಳೆ ತೊಡಿಸಿದ್ದು, ಆರತಿ, ಅಜ್ಜಿ ತಂಗಿಯ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದದ್ದು, ಎಲ್ಲಾ ಮಾಯ.

ಮೊದಲು ಒಂದು ಅಂಗಡಿಗೆ ಹೋದೆ. ಹತ್ತು ಸಾವಿರ ಆಗುತ್ತೆ, ಬಂದರೆ ಬಂತು, ಗ್ಯಾರಂಟಿ ಇಲ್ಲ ಅಂದರು. ಹೇಗೆ ಮಾಡ್ತೀರಾ ಅಂತ ಕೇಳಿದೆ. ಸಾಫ್ಟ್‌ವೇರ್ ಹಾಕಿ ನೋಡ್ತೀವಿ ಸರ್ ಅಂದರು. ಅದನ್ನು ನಾನೇ ನೋಡಬಹುದಲ್ವಾ ಅನ್ನಿಸಿ ಕಾರ್ಡ್ ಜೇಬಿಗೆ ಹಾಕಿಕೊಂಡು ಬಂದೆ.

ಫಾರ್ಮ್ಯಾಟ್ ಅಂದರೆ ಫೋಟೋ ಅಳಿಸುವುದಲ್ಲ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಹೋಗುವುದು ಪುಸ್ತಕದ ಪರಿವಿಡಿ ಮಾತ್ರ. ಯಾವ ಫೋಟೋ ಎಲ್ಲಿ ಶುರು, ಎಲ್ಲಿ ಮುಂದುವರಿಯುತ್ತೆ ಎಂಬ ಪಟ್ಟಿ ಖಾಲಿಯಾಗುತ್ತೆ. ಪುಟಗಳು ಅಲ್ಲೇ ಇರುತ್ತವೆ, ಅವುಗಳ ಮೇಲೆ ಹೊಸದಾಗಿ ಬರೆಯುವ ತನಕ. ನಾನು ಬರೆದಿದ್ದೆ. ನಲವತ್ತು ಫೋಟೋ, ಒಂದಕ್ಕೆ ಸುಮಾರು 8 ಎಂಬಿ ಅಂದರೂ 320 ಎಂಬಿ. ಕಾರ್ಡಿನ ಆರಂಭದಲ್ಲಿದ್ದ ಅಷ್ಟು ಭಾಗ ಹೋಯಿತು. ಬೆಳಗಿನ ಗಣಪತಿ ಪೂಜೆ ಅಲ್ಲಿತ್ತು. ಅದು ಯಾವ ಸಾಫ್ಟ್‌ವೇರಿಗೂ ಬರಲ್ಲ. (ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಆಗಿದ್ದರೆ ಉಳಿದದ್ದೂ ಬಹುಶಃ ಸಿಗುತ್ತಿರಲಿಲ್ಲ. ಅಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ, ಖಾಲಿ ಅಂದ ಜಾಗವನ್ನು ಡ್ರೈವ್ ತಾನೇ ಒರೆಸಿ ಹಾಕುತ್ತೆ.)

ಕಾರ್ಡಿನ ಪಕ್ಕದ ಸಣ್ಣ ಲಾಕ್ ಕೆಳಗೆ ಸರಿಸಿದೆ. ಅದು ಬರೀ ಪ್ಲಾಸ್ಟಿಕ್ ಗುರುತು, ಅದನ್ನು ಗೌರವಿಸುವುದು ಬಿಡುವುದು ರೀಡರ್‌ಗೆ ಸೇರಿದ್ದು. ಆದರೂ ಇರಲಿ ಅಂತ. ಆಮೇಲೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಕಾಪಿ ಮಾಡುವ ಪ್ರೋಗ್ರಾಂ ಹಾಕಿ 32 ಜಿಬಿ ಕಾರ್ಡನ್ನು ಪೂರ್ತಿ ಒಂದೇ ಫೈಲಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡೆ. ಓದಲಾಗದ ಸೆಕ್ಟರ್ (ಕಾರ್ಡಿನ ಒಂದು ಸಣ್ಣ ತುಂಡು) ಬಂದರೆ ಅದು ಅಲ್ಲೇ ಒದ್ದಾಡುತ್ತಾ ಕೂರಲ್ಲ. ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ತಂದು, ಕೊನೆಗೆ ಕೆಟ್ಟದ್ದಕ್ಕೆ ಮತ್ತೆ ಕೈ ಹಾಕುತ್ತೆ. ಎಲ್ಲೆಲ್ಲಿ ಸೋತೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ. ಮುಗಿದ ಮೇಲೆ ಕಾರ್ಡನ್ನು ಒಂದು ಕವರಿಗೆ ಹಾಕಿ ಬೀರುವಿನಲ್ಲಿಟ್ಟೆ. ಮತ್ತೆ ಅದನ್ನು ಮುಟ್ಟಲಿಲ್ಲ. ಮುಂದಿನ ಕಿತಾಪತಿಯೆಲ್ಲ ಆ ಕಾಪಿಯ ಮೇಲೆ.

ಫೋಟೋ ಹುಡುಕಲು ಬಳಸಿದ್ದು ಫೋಟೋರೆಕ್. ಕ್ರಿಸ್ಟೋಫ್ ಗ್ರೆನಿಯೆ ಬರೆದದ್ದು, ಉಚಿತ. ನೋಡಲು ಹಳೇ ಡಾಸ್ ಕಾಲದ ಹಾಗೆ ಕಪ್ಪು ಪರದೆ, ಅದಕ್ಕೇ ಜನ ಹೆದರಿ ದುಡ್ಡು ಕೊಟ್ಟು ಬೇರೆ ಏನೇನೋ ಕೊಳ್ಳುತ್ತಾರೆ. ಪರಿವಿಡಿ ಇದೆಯೋ ಇಲ್ಲವೋ ಅಂತ ಇದು ಕೇಳುವುದೇ ಇಲ್ಲ. ಕಾರ್ಡನ್ನು ಸಣ್ಣ ಸಣ್ಣ ತುಂಡಾಗಿ ನೋಡುತ್ತಾ ಹೋಗುತ್ತೆ. ಜೆಪೆಗ್ ಫೈಲ್ (ನನ್ನ ಕ್ಯಾಮೆರಾ ಫೋಟೋ ಉಳಿಸುವ ಮಾದರಿ) ಎಲ್ಲೇ ಶುರುವಾದರೂ ಮೊದಲ ಎರಡು ಬೈಟ್ ಎಫ್‌ಎಫ್ ಡಿ8. ಅದು ಕಂಡರೆ ಇಲ್ಲೊಂದು ಫೋಟೋ ಶುರು ಅಂತ ಎತ್ತಿಕೊಳ್ಳುತ್ತೆ. ಮುಗಿಯುವುದು ಎಫ್‌ಎಫ್ ಡಿ9ಕ್ಕೆ.

ಮೊದಲ ಸಲಕ್ಕೇ ಬಹಳಷ್ಟು ಬಂತು. ಆರತಿ ಬಂತು, ಊಟದ ಪಂಕ್ತಿ ಬಂತು, ಹೋಳಿಗೆ ಬಡಿಸುವವರ ಮೂರು ಫೋಟೋ ಬಂತು. ಅಜ್ಜಿ ಬಳೆ ತೊಡಿಸುವುದು ಬರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಎರಡು ದಿನ ಬಿಟ್ಟು ಹೊಳೆಯಿತು. ಫೋಟೋರೆಕ್‌ನ ಆಯ್ಕೆಗಳಲ್ಲಿ, ಕೆಟ್ಟ ಫೈಲುಗಳನ್ನು ಇಟ್ಟುಕೊಳ್ಳಲಾ ಎಂಬುದೊಂದಿದೆ. ಸುಮ್ನೆ ಬಿಟ್ಟರೆ ಅದಕ್ಕೆ ಉತ್ತರ ಇಲ್ಲ ಅಂತಲೇ ಇರುತ್ತೆ. ಅರ್ಧ ಸಿಕ್ಕಿದ ಫೋಟೋವನ್ನು ಅದು ನಮಗೆ ತೋರಿಸದೇ ಎಸೆದಿರುತ್ತೆ! ಹೌದು ಅಂತ ಬದಲಾಯಿಸಿ ಇನ್ನೊಮ್ಮೆ ಓಡಿಸಿದೆ. ಈ ಸಲ ಹೆಸರು 'ಎಫ್' ಬದಲು 'ಬಿ' ಅಕ್ಷರದಿಂದ ಶುರುವಾಗುವ ಒಂದಿಷ್ಟು ಫೈಲ್ ಬಂದವು. 'ಬಿ' ಅಂದರೆ ಒಡೆದದ್ದು. ಅದರಲ್ಲಿ ಅಜ್ಜಿ ಇದ್ದರು. ತಲೆ, ಮೂಗುಬೊಟ್ಟು, ಭುಜ, ಸೆರಗು. ಅದರ ಕೆಳಗೆ ಪೂರ್ತಿ ಬೂದು ಬಣ್ಣ. ಕೈ ಇಲ್ಲ, ಬಳೆ ಇಲ್ಲ, ತಂಗಿಯೂ ಇಲ್ಲ.

ಇದಕ್ಕೆ ಕಾರಣ ನಾನೇ. ಫೋಟೋ ತೆಗೆಯುತ್ತಲೇ ಮಸುಕಾದದ್ದನ್ನು ಕ್ಯಾಮೆರಾದಲ್ಲೇ ಡಿಲೀಟ್ ಮಾಡುವ ಚಾಳಿ ನನ್ನದು. ಹಾಗೆ ಮಾಡಿದಾಗ ಸಾಲಿನ ನಡುವೆ ಒಂದು ಸೀಟು ಖಾಲಿಯಾಗುತ್ತೆ. ಮುಂದೆ ಯಾವತ್ತೋ ಕ್ಯಾಮೆರಾ ಹೊಸ ಫೋಟೋವನ್ನು ಆ ಖಾಲಿ ಜಾಗಕ್ಕೆ ತುಂಬುತ್ತೆ. ಹೊಸದು ಸ್ವಲ್ಪ ದೊಡ್ಡದಿದ್ದರೆ ಅರ್ಧ ಅಲ್ಲಿ, ಉಳಿದರ್ಧ ಸಾಲಿನ ಕೊನೆಯಲ್ಲಿ. ಪರಿವಿಡಿ ಇದ್ದರೆ ಎರಡೂ ತುಂಡು ಯಾವುದು ಅಂತ ಗೊತ್ತಿರುತ್ತಿತ್ತು. ಈಗ ಅದಿಲ್ಲ. ಫೋಟೋರೆಕ್ ಅಜ್ಜಿಯನ್ನು ಓದುತ್ತಾ ಹೋದಾಗ ನಡುವೆ ಮುಂದಿನ ಫೋಟೋದ ಎಫ್‌ಎಫ್ ಡಿ8 ಎದುರಾಗಿದೆ, ಅಲ್ಲಿಗೆ ಇದನ್ನು ಬಿಟ್ಟಿದೆ.

ಅಂದರೆ ಅಜ್ಜಿಯ ಕೈ ಕಾರ್ಡಿನಲ್ಲೇ ಎಲ್ಲೋ ಇದೆ. ತಲೆಯಿಲ್ಲದ ತುಂಡು, ಎಫ್‌ಎಫ್ ಡಿ8 ಇಲ್ಲ, ಹಾಗಾಗಿ ಫೋಟೋರೆಕ್‌ಗೆ ಅದು ಫೋಟೋ ಅಂತಲೇ ಗೊತ್ತಾಗಲ್ಲ.

ಅದನ್ನು ಹುಡುಕಿದ ದಾರಿ ನನಗೆ ಈಗಲೂ ಖುಷಿ ಕೊಡುತ್ತೆ. ಫೋಟೋರೆಕ್ ಕೊಡುವ ಹೆಸರಿನಲ್ಲಿರುವ ಸಂಖ್ಯೆ ಅಡ್ಡಾದಿಡ್ಡಿ ಅಲ್ಲ. ಆ ಫೈಲ್ ಶುರುವಾದ ಸೆಕ್ಟರ್ ನಂಬರ್ ಅದು. ಒಂದು ಸೆಕ್ಟರ್ 512 ಬೈಟ್. ನನ್ನ ಕಾರ್ಡಿನಲ್ಲಿ 64 ಸೆಕ್ಟರ್ ಸೇರಿ ಒಂದು ಕ್ಲಸ್ಟರ್, ಅಂದರೆ 32 ಕೆಬಿ. ಯಾವ ಫೋಟೋ ಆದರೂ ಕ್ಲಸ್ಟರ್ ಗಡಿಯಲ್ಲೇ ಶುರುವಾಗಬೇಕು. ಉದಾಹರಣೆಗೆ ಒಂದು ಫೈಲಿನ ಹೆಸರು ಎಫ್1221120. ಗಾತ್ರ 86 ಲಕ್ಷ ಬೈಟ್. ಅದಕ್ಕೆ 263 ಕ್ಲಸ್ಟರ್ ಬೇಕು, ಅಂದರೆ 16,832 ಸೆಕ್ಟರ್. ಕೂಡಿದರೆ 1237952. ಮುಂದಿನ ಫೋಟೋ ಸರಿಯಾಗಿ ಅಲ್ಲಿಂದ ಶುರುವಾಗಬೇಕಿತ್ತು. ಆದರೆ ಪಟ್ಟಿಯಲ್ಲಿ ಮುಂದಿನ ಹೆಸರು ಎಫ್1244096. ನಡುವೆ 6,144 ಸೆಕ್ಟರ್, ಬರೋಬ್ಬರಿ 3 ಎಂಬಿ, ಯಾರೂ ನನ್ನದು ಅನ್ನದ ಜಾಗ.

ಎಲ್ಲಾ ಹೆಸರುಗಳನ್ನು ಎಕ್ಸೆಲ್‌ಗೆ ಹಾಕಿ ಹೀಗೆ ಕಳೆಯುತ್ತಾ ಹೋದೆ. ಹದಿಮೂರು ತೂತು ಸಿಕ್ಕವು. ಎರಡು ಭಾರೀ ದೊಡ್ಡವು. ಅವು ಚಿಕ್ಕಪ್ಪನ ಮಗ ತೆಗೆದ ವಿಡಿಯೋ ಅಂತ ಆಮೇಲೆ ಗೊತ್ತಾಯಿತು. ಉಳಿದದ್ದು ಹನ್ನೊಂದು.

ಅಷ್ಟರಲ್ಲಿ ಅತ್ತೆಯ ಮಗಳಿಂದ ಒಂದು ಸಹಾಯ ಆಯಿತು. ಅವಳು ಆವತ್ತು ಕ್ಯಾಮೆರಾದ ಹಿಂದಿನ ಪರದೆಯನ್ನೇ ಮೊಬೈಲಿನಲ್ಲಿ ಫೋಟೋ ಹೊಡೆದು ಸ್ಟೇಟಸ್ ಹಾಕಿದ್ದಳು. ಮಸುಕು, ಮೇಲೆ ಟ್ಯೂಬ್‌ಲೈಟಿನ ಬೆಳಕು ಹೊಳೆಯುತ್ತಿದೆ. ಆದರೂ ಕೆಳಗಡೆ ಏನಿರಬೇಕು ಅಂತ ಗೊತ್ತಾಯಿತು. ಬಲಗಡೆ ಬಳೆಯ ತಟ್ಟೆ, ನಡುವೆ ಇಬ್ಬರ ಕೈ, ಎಡಗಡೆ ಯಾರದೋ ಮಗುವಿನ ಮಂಡಿ.

ಈಗ ಅಂಟಿಸುವ ಕೆಲಸ. ಫೋಟೋರೆಕ್ ಕೊಟ್ಟ 'ಬಿ' ಫೈಲನ್ನು ಬಿಟ್ಟೆ, ಅದು ತುದಿಯನ್ನು ಎಲ್ಲಿ ಕತ್ತರಿಸಿದೆಯೋ ನಂಬಿಕೆ ಇರಲಿಲ್ಲ. ಕಾರ್ಡಿನ ಕಾಪಿಯನ್ನೇ ಎಚ್‌ಎಕ್ಸ್‌ಡಿಯಲ್ಲಿ (ಫೈಲಿನ ಬೈಟುಗಳನ್ನು ನೇರವಾಗಿ ತೋರಿಸುವ ಪ್ರೋಗ್ರಾಂ) ತೆರೆದು, ಅಜ್ಜಿಯ ಫೋಟೋ ಶುರುವಾದ ಸೆಕ್ಟರ್‌ನಿಂದ ಮುಂದಿನ ಫೋಟೋ ಶುರುವಾಗುವ ಹಿಂದಿನ ಬೈಟಿನವರೆಗೆ ನಾನೇ ಕತ್ತರಿಸಿಕೊಂಡೆ. ಅದರ ಬಾಲಕ್ಕೆ ಒಂದೊಂದೇ ತೂತಿನ ತುಂಡನ್ನು ಅಂಟಿಸಿ ತೆರೆದು ನೋಡಿದೆ. ಮೊದಲನೆಯದು: ಸೆರಗಿನ ಕೆಳಗೆ ನೇರಳೆ ಹಸಿರು ಪಟ್ಟೆಗಳು, ನಡುವೆ ಯಾರದೋ ಚಪ್ಪಲಿ. ಎರಡನೆಯದು: ಬಾಳೆ ಎಲೆ ಅನ್ನಿಸುವಂಥದ್ದು, ಗುಲಾಬಿ ಬಣ್ಣದಲ್ಲಿ. ಒಂದೇ ಕ್ಯಾಮೆರಾದ ಫೋಟೋ ಆದ್ದರಿಂದ ತಪ್ಪು ತುಂಡು ಹಾಕಿದರೂ ಚಿತ್ರ ಏನೋ ಒಂದು ಬರುತ್ತೆ, ಬಣ್ಣ ಮಾತ್ರ ಹುಚ್ಚಾಪಟ್ಟೆ.

ಯಾಕೆ ಹಾಗೆ ಅಂತ ತಿಳಿದುಕೊಂಡದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು. ಜೆಪೆಗ್ ಫೋಟೋವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆಯುತ್ತೆ. ಒಂದೊಂದು ಚೌಕದ ಸರಾಸರಿ ಬಣ್ಣವನ್ನು ಪೂರ್ತಿ ಬರೆಯಲ್ಲ, ಹಿಂದಿನದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಮಾತ್ರ ಬರೆಯುತ್ತೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ. ನಡುವೆ ಒಂದು ಸಾಲು ತಪ್ಪಾದರೆ ಅಲ್ಲಿಂದಾಚೆ ಎಲ್ಲಾ ಬಾಕಿಯೂ ತಪ್ಪು, ಕೂಡುವ ಕಳೆಯುವ ಲೆಕ್ಕ ಸರಿಯಾಗಿದ್ದರೂ. ಅದಕ್ಕೇ ಕೆಟ್ಟ ಫೋಟೋದಲ್ಲಿ ಒಂದು ಗೆರೆಯಿಂದ ಕೆಳಗೆ ಎಲ್ಲವೂ ಹಸಿರೋ ಕೆಂಪೋ ಆಗಿರುತ್ತೆ, ಪಕ್ಕಕ್ಕೂ ಸರಿದಿರುತ್ತೆ. ಕೆಲವು ಕ್ಯಾಮೆರಾಗಳು ನಡುನಡುವೆ ರೀಸ್ಟಾರ್ಟ್ ಗುರುತು ಹಾಕುತ್ತವೆ, ಅಲ್ಲಿಗೆ ಲೆಕ್ಕ ಹೊಸದಾಗಿ ಶುರು, ತಪ್ಪು ಮುಂದೆ ಹರಡಲ್ಲ. ನನ್ನದು ಹಾಕಲ್ಲ.

ಏಳನೇ ತುಂಡು ಅಂಟಿಸಿ ತೆರೆದೆ. ಗೆರೆಯೇ ಕಾಣಲಿಲ್ಲ. ಸೆರಗು ಹಾಗೇ ಕೆಳಗೆ ಇಳಿಯಿತು, ಮೊಣಕೈ, ಕೈ, ಹಸಿರು ಬಳೆ, ತಟ್ಟೆ, ಮಗುವಿನ ಮಂಡಿ. ರಾತ್ರಿ ಒಂದೂವರೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಚೆನ್ನಾಗಿದೆ ಅಂತ ಹೇಳಿ ಮತ್ತೆ ಮಲಗಿದಳು.

ಹೀಗೆ ಇನ್ನೂ ನಾಲ್ಕು ಫೋಟೋ ಜೋಡಿಸಿದೆ. ಒಂದರಲ್ಲಿ ಮಾತ್ರ ಕಾರ್ಡಿನ ಕೆಟ್ಟ ಸೆಕ್ಟರ್ ಇತ್ತು. ಡಿಡಿರೆಸ್ಕ್ಯೂ ಅಲ್ಲಿ ಸೊನ್ನೆ ತುಂಬಿತ್ತು. ತಂಗಿಯ ಗಲ್ಲದಿಂದ ಕೆಳಗೆ ಎಲ್ಲಾ ಪಾಚಿ ಬಣ್ಣ. ಅದಕ್ಕೆ ಜೆಪೆಗ್‌ರಿಪೇರ್ ಎಂಬ ಸಣ್ಣ ಉಪಕರಣ ಬಳಸಿದೆ. ಈ ಸಾಲಿನ ಈ ಚೌಕದ ಹತ್ತಿರ ಇಷ್ಟು ಚೌಕ ಸೇರಿಸು, ಬಣ್ಣದ ಲೆಕ್ಕಕ್ಕೆ ಇಷ್ಟು ಕೂಡು ಅಂತ ಹೇಳಬೇಕು. ಉದ್ರಿ ಪುಸ್ತಕದಲ್ಲಿ ತಪ್ಪಿದ ಸಾಲಿಗೆ ಅಂದಾಜಿನ ಮೊತ್ತ ಬರೆದ ಹಾಗೆ. ಸುಮಾರು ಇಪ್ಪತ್ತು ಸಲ ಮಾಡಿ ನೋಡಿ ಚರ್ಮದ ಬಣ್ಣ ತಂದೆ. ಗಲ್ಲದ ಹತ್ತಿರ ಒಂದು ತೆಳು ಪಟ್ಟಿ ಉಳಿದಿದೆ, ಇರಲಿ.

ತಲೆ ಕಸಿ ಮಾಡುವ ಕೆಲಸವನ್ನೂ ಒಮ್ಮೆ ಮಾಡಿದೆ. ತಲೆ ಅಂದರೆ ಫೈಲಿನ ಆರಂಭದ ಭಾಗ, ಚಿತ್ರವನ್ನು ಹೇಗೆ ಬಿಡಿಸಬೇಕು ಅಂತ ಹೇಳುವುದು ಅದು. ಸಂಜೆಯ ನಲವತ್ತರಲ್ಲಿ ಕೊನೆಯದು ಒಂದು ಹಳೇ ಫೋಟೋದ ಮೇಲರ್ಧವನ್ನು ನುಂಗಿತ್ತು, ಕೆಳಗಿನರ್ಧ ಬಾಕಿ ಇತ್ತು. ಅದೇ ಕ್ಯಾಮೆರಾದ, ಅದೇ ಗಾತ್ರ, ಅದೇ ಗುಣಮಟ್ಟದ ಒಂದು ಒಳ್ಳೇ ಫೋಟೋದಿಂದ ತಲೆಭಾಗ ಕತ್ತರಿಸಿ ಇದಕ್ಕೆ ಕೂರಿಸಬೇಕು. ತಲೆ ಮುಗಿಯುವುದು ಎಫ್‌ಎಫ್ ಡಿಎ ಗುರುತಿನ ಹತ್ತಿರ. ಅದಾದ ಮೇಲೆ 12 ಬೈಟ್, ಕೊನೆಯ ಮೂರು 00 3ಎಫ್ 00, ಅಲ್ಲಿಂದ ಚಿತ್ರ ಶುರು. ಇದರಲ್ಲಿ ನನ್ನ ಒಂದು ಸಂಜೆ ಪೂರ್ತಿ ಹಾಳಾಯಿತು. ಮೊದಲು ಸಿಕ್ಕ ಎಫ್‌ಎಫ್ ಡಿಎ ಹತ್ತಿರ ಕತ್ತರಿಸುತ್ತಿದ್ದೆ, ಫೈಲ್ ತೆರೆಯುತ್ತಲೇ ಇರಲಿಲ್ಲ. ಆಮೇಲೆ ನೋಡಿದರೆ ಫೋಟೋದ ಎಕ್ಸಿಫ್ (ಕ್ಯಾಮೆರಾ ಬರೆದಿಡುವ ತಾರೀಖು, ಸೆಟ್ಟಿಂಗ್ ಇತ್ಯಾದಿ ಮಾಹಿತಿ) ಒಳಗೆ 160×120ರ ಒಂದು ಪುಟ್ಟ ಥಂಬ್‌ನೇಲ್ ಇರುತ್ತೆ, ಅದೂ ಒಂದು ಪೂರ್ತಿ ಜೆಪೆಗ್, ಅದಕ್ಕೂ ತನ್ನದೇ ಎಫ್‌ಎಫ್ ಡಿಎ ಇದೆ. ಬೇಕಾದದ್ದು ಅದರ ನಂತರದ್ದು. ಇಷ್ಟೆಲ್ಲ ಮಾಡಿ ಬಂದ ಫೋಟೋದಲ್ಲಿ ಇರುವುದು ಪುರೋಹಿತರ ಮಂಡಿ ಮತ್ತು ಅರ್ಧ ಡಜನ್ ಬಾಳೆಹಣ್ಣು.

ಆ ಪುಟ್ಟ ಥಂಬ್‌ನೇಲ್ ಸಣ್ಣದು ಅಂತ ತಾತ್ಸಾರ ಬೇಡ. ಫೈಲಿನ ಮೊದಲಲ್ಲೇ ಇರುವುದರಿಂದ ದೇಹ ಹೋದರೂ ಅದು ಉಳಿದಿರುತ್ತೆ. ತುಂಡು ಸಿಗದೇ ಉಳಿದ ಆರು ಫೋಟೋಗಳಿಂದ ಎಕ್ಸಿಫ್‌ಟೂಲ್ ಹಾಕಿ ಥಂಬ್‌ನೇಲ್ ಹೊರತೆಗೆದೆ. ಅಂಚೆಚೀಟಿಯಷ್ಟು ಆಯಿತು. ಆದರೆ ಆವತ್ತು ದೊಡ್ಡಮ್ಮ ಬಂದಿದ್ದರೋ ಇಲ್ಲವೋ ಎಂಬ ಮನೆಯ ಜಗಳ ಅದರಿಂದಲೇ ತೀರ್ಮಾನ ಆಯಿತು. ಬಂದಿದ್ದರು.

ಬೂದು ಜಾಗವನ್ನು ಎಐ ಹತ್ತಿರ ತುಂಬಿಸು ಅಂತ ಒಬ್ಬ ಗೆಳೆಯ ಹೇಳಿದ. ಮಾಡಿಯೂ ಕೊಟ್ಟ. ತುಂಬಾ ಚೆಂದದ ಕೈ, ಎಂಟು ಚಿನ್ನದ ಬಳೆ. ನಮ್ಮ ಅಜ್ಜಿ ಕೈಗೆ ಹಾಕುವುದು ಎರಡು, ಅದೂ ಸವೆದದ್ದು. ಅದನ್ನು ಅಳಿಸಿದೆ.

ದೀಪಾವಳಿಗೆ ಊರಿಗೆ ಹೋಗುವಾಗ 8×12 ಪ್ರಿಂಟ್ ಹಾಕಿಸಿ ಒಯ್ದೆ. ಅಜ್ಜಿ ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಬಗ್ಗಿ ಬಳೆ ಏರಿಸುವಾಗ ತೆಗೆದದ್ದು, ದೃಷ್ಟಿ ಕೆಳಗಿದೆ.

"ಇದ್ರಲ್ಲಿ ನಂಗೆ ಕಣ್ಣೇ ಇಲ್ವಲ್ಲೋ" ಅಂದರು. "ಕಣ್ಣು ಬಿಟ್ಟಿದ್ದು ಬೇರೆ ಯಾವ್ದೂ ಬರ್ಲಿಲ್ವಾ?"