ಬಾಟಲಿಯಲ್ಲಿ ಬಸವನಹುಳು ಇತ್ತಾ? ಕಾನೂನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸ ಏರ್ಪಡಿಸಿದ ನನ್ನ ಅನುಭವ

ಕಾನೂನು ಕಾಲೇಜಿಗೆ ಪಾಠ ಮಾಡಲು ಸೇರಿದ ಎರಡನೇ ವರ್ಷವೇ ಕಾರ್ಯಕ್ರಮ ಸಮಿತಿಯ ಜವಾಬ್ದಾರಿ ನನಗೆ ಬಂತು. ಅತಿಥಿ ಉಪನ್ಯಾಸ, ಅಣಕು ನ್ಯಾಯಾಲಯ ಸ್ಪರ್ಧೆ, ವಿಚಾರ ಸಂಕಿರಣ ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕಿತ್ತು. ಇದನ್ನು ಹೇಗೆ ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನವರು ಹೇಗೆ ಮಾಡಿದ್ದರೋ ಹಾಗೇ ಮಾಡಿದೆ.

ಮೊದಲ ಕಾರ್ಯಕ್ರಮಕ್ಕೆ ಸೇವೆಯಲ್ಲಿದ್ದ ನ್ಯಾಯಾಧೀಶರೊಬ್ಬರನ್ನು ಕರೆದಿದ್ದೆ. ಹಾಜರಿ ಹಾಕುತ್ತೇವೆ ಅಂತ ಹೇಳಿದ್ದರಿಂದ ಸಭಾಂಗಣ ತುಂಬಿತ್ತು. ಇದ್ದದ್ದು ಒಂದೂವರೆ ಗಂಟೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಅಧ್ಯಕ್ಷ ಭಾಷಣ ಎಲ್ಲ ಮುಗಿದು ಅವರು ಮೈಕಿನ ಮುಂದೆ ಬರುವಷ್ಟರಲ್ಲಿ 50 ನಿಮಿಷ ಹೋಗಿತ್ತು. ನಾನು ಕೊಟ್ಟಿದ್ದ ವಿಷಯ 'ಸಂವಿಧಾನ ಮತ್ತು ಯುವಜನತೆ'. ಅವರು ಚೆನ್ನಾಗಿಯೇ ಮಾತಾಡಿದರು. ಆದರೆ ಆ ವಿಷಯದ ಮೇಲೆ ಯಾರು ಮಾತಾಡಿದರೂ ಅದನ್ನೇ ಹೇಳುತ್ತಿದ್ದರು. ಕೊನೆಯ 5 ನಿಮಿಷ ಪ್ರಶ್ನೆಗೆ. ಒಬ್ಬ ಹುಡುಗ ಎದ್ದು, ಆಗ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಒಂದು ಮೊಕದ್ದಮೆ ಬಗ್ಗೆ ಅವರ ಅಭಿಪ್ರಾಯ ಕೇಳಿದ. "ಅದಕ್ಕೆ ನಾನು ಉತ್ತರ ಕೊಡುವ ಹಾಗಿಲ್ಲಪ್ಪ" ಅಂದರು. ಆಮೇಲೆ ಯಾರೂ ಏಳಲಿಲ್ಲ.

ಅವರನ್ನು ಕಾರಿನವರೆಗೆ ಬಿಡಲು ಹೋದೆ. ನಡೆಯುತ್ತಾ ನಡೆಯುತ್ತಾ ಅವರು ಒಂದು ಹಳೆಯ ಪ್ರಕರಣ ನೆನಪಿಸಿಕೊಂಡರು. ವಿಚಾರಣೆ ಮುಗಿದಾಗ ಆರೋಪಿ ತಪ್ಪು ಮಾಡಿದ್ದಾನೆ ಅಂತಲೇ ಅವರಿಗೆ ಅನಿಸಿತ್ತಂತೆ. ತೀರ್ಪು ಬರೆಯಲು ಕೂತು ಸಾಕ್ಷಿಗಳ ಹೇಳಿಕೆ ಮತ್ತೆ ಓದಿದಾಗ, ಒಬ್ಬ ಸಾಕ್ಷಿ ಹೇಳಿದ ಹೊತ್ತು ಇನ್ನೊಬ್ಬ ಹೇಳಿದ ಹೊತ್ತಿಗೆ ಹೊಂದಲೇ ಇಲ್ಲವಂತೆ. ಬರೆದದ್ದನ್ನು ಹರಿದು ಮೊದಲಿಂದ ಶುರು ಮಾಡಿದರಂತೆ. ಮುನ್ನೂರು ಮಕ್ಕಳು ಕೇಳಬೇಕಾಗಿದ್ದ ಮಾತು ಕಾರಿನ ಬಾಗಿಲ ಹತ್ತಿರ ನನ್ನೊಬ್ಬಳಿಗೆ ಸಿಕ್ಕಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮಾತು ಸಭಾಂಗಣದ ಒಳಗೆ ಯಾಕೆ ಬರಲಿಲ್ಲ? ಅವರು ಮುಚ್ಚಿಟ್ಟಿರಲಿಲ್ಲ. ನಾವು ಕೇಳಿರಲಿಲ್ಲ, ಅಷ್ಟೇ.

ಅವತ್ತಿಂದ ಅತಿಥಿಗಳಿಗೆ ವಿಷಯ ಕೊಡುವುದನ್ನು ಬಿಟ್ಟೆ. ಪ್ರಶ್ನೆ ಕೊಡುತ್ತೇನೆ. 'ಸಾಕ್ಷ್ಯ ಕಾನೂನಿನ ಇತ್ತೀಚಿನ ಬೆಳವಣಿಗೆಗಳು' ಅನ್ನುವ ಬದಲು 'ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಅಂತ ಪಾಟಿಸವಾಲಿನ ನಡುವೆ ನಿಮಗೆ ಅನಿಸಿದರೆ ಮುಂದಿನ ಪ್ರಶ್ನೆ ಏನು ಕೇಳುತ್ತೀರಿ?' ಅಂತ ಬರೆಯುತ್ತೇನೆ. ಇಂಥ ಪ್ರಶ್ನೆಗೆ ಹಳೆಯ ಭಾಷಣದ ಹಾಳೆ ತಂದು ಓದಲು ಆಗುವುದಿಲ್ಲ ಅಲ್ವಾ? ಆಹ್ವಾನ ಪತ್ರದಲ್ಲೇ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಯಾವ ವರ್ಷದ ಮಕ್ಕಳು, ಎಷ್ಟು ಜನ, ಅವರು ಮೊದಲೇ ಏನು ಓದಿರುತ್ತಾರೆ, ಅತಿಥಿ ಎಷ್ಟು ನಿಮಿಷ ಮಾತಾಡಬೇಕು, ಪ್ರಶ್ನೆಗೆ ಎಷ್ಟು ನಿಮಿಷ, ರೆಕಾರ್ಡಿಂಗ್ ಇದೆಯೋ ಇಲ್ಲವೋ. ಒಂದೇ ದಿನಾಂಕ ಕೊಡದೆ ಮೂರು ದಿನಾಂಕ ಕೊಡುತ್ತೇನೆ. ವಕೀಲರ ದಿನ ಅವರ ಕೈಯಲ್ಲಿ ಇರುವುದಿಲ್ಲ. ಕೇಸು ಯಾವತ್ತು ಬೋರ್ಡಿಗೆ ಬರುತ್ತದೋ ಅವತ್ತು ಅವರು ಕೋರ್ಟಿನಲ್ಲಿರಬೇಕು.

ಆದರೆ ನಿಜವಾದ ಬದಲಾವಣೆ ಬಂದದ್ದು ಮಕ್ಕಳಿಗೆ ಮೊದಲೇ ಓದಿಸಲು ಶುರು ಮಾಡಿದ ಮೇಲೆ. ಡೊನಹ್ಯೂ ವಿರುದ್ಧ ಸ್ಟೀವನ್ಸನ್ ತೀರ್ಪು ಓದಿಸಿದ ದಿನವನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಟಾರ್ಟ್ಸ್, ಅಂದರೆ ಒಪ್ಪಂದ ಇಲ್ಲದಿದ್ದರೂ ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು, ಓದಿದವರಿಗೆಲ್ಲ ಈ ಕೇಸು ಗೊತ್ತು. 1928ರ ಆಗಸ್ಟ್ 26ರಂದು ಸ್ಕಾಟ್‌ಲೆಂಡಿನ ಪೇಸ್ಲಿ ಊರಿನ ಒಂದು ಕೆಫೆಯಲ್ಲಿ ಮೇ ಡೊನಹ್ಯೂ ಅವರಿಗೆ ಅವರ ಸ್ನೇಹಿತೆ ಜಿಂಜರ್ ಬಿಯರ್ ಅನ್ನುವ ಶುಂಠಿಯ ತಂಪು ಪಾನೀಯ ಕೊಡಿಸಿದರು. ಬಾಟಲಿ ಒಳಗೇನಿದೆ ಅಂತ ಕಾಣದ ಕಪ್ಪು ಗಾಜಿನದು. ಸ್ವಲ್ಪ ಕುಡಿದ ಮೇಲೆ ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಹೊರಗೆ ಬಂತು, ಅದರಿಂದ ತನ್ನ ಆರೋಗ್ಯ ಕೆಟ್ಟಿತು ಅನ್ನುವುದು ಅವರ ದೂರು. ದುಡ್ಡು ಕೊಟ್ಟಿದ್ದು ಸ್ನೇಹಿತೆ. ಹಾಗಾಗಿ ಡೊನಹ್ಯೂ ಅವರಿಗೆ ಯಾರ ಜೊತೆಗೂ ಒಪ್ಪಂದ ಇರಲಿಲ್ಲ. ಆದರೂ ತಯಾರಕ ಸ್ಟೀವನ್ಸನ್ ಹೊಣೆಯಾಗಬಹುದು ಅಂತ 1932ರ ಮೇ 26ರಂದು, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 3–2 ಬಹುಮತದಲ್ಲಿ ಹೇಳಿತು. ನಮ್ಮ ಕೆಲಸದಿಂದ ಯಾರಿಗೆ ತೊಂದರೆಯಾಗಬಹುದೋ ಅವರ ಬಗ್ಗೆ ಎಚ್ಚರ ವಹಿಸಬೇಕು ಅನ್ನುವ, ನ್ಯಾಯಾಧೀಶರಲ್ಲೊಬ್ಬರಾದ ಲಾರ್ಡ್ ಆಟ್ಕಿನ್ ಅವರ ನೆರೆಯವನ ತತ್ವ ಹುಟ್ಟಿದ್ದು ಅಲ್ಲೇ.

ಕೆಳ ನ್ಯಾಯಾಲಯದಲ್ಲಿ ಬಹಳ ವರ್ಷ ವಾದ ಮಾಡಿದ ಒಬ್ಬ ಹಿರಿಯ ವಕೀಲರನ್ನು ಕರೆದಿದ್ದೆ. ಅವರು ವೇದಿಕೆ ಹತ್ತಲಿಲ್ಲ. ಮೊದಲ ಸಾಲಿನ ಮುಂದೆ ನಿಂತು, "ಬಾಟಲಿಯಲ್ಲಿ ಹುಳು ಇತ್ತಾ?" ಅಂತ ಕೇಳಿದರು. ಎಲ್ಲರೂ ಒಟ್ಟಿಗೆ "ಇತ್ತು ಸಾರ್" ಅಂದರು. "ಯಾವ ಸಾಕ್ಷಿ ಹೇಳಿದ? ಪುಟ ತೋರಿಸಿ."

ಮಕ್ಕಳು ತೀರ್ಪಿನ ಹಾಳೆ ಮಗುಚತೊಡಗಿದರು. ಎರಡು ಮೂರು ನಿಮಿಷ ಬರೀ ಹಾಳೆಯ ಸದ್ದು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ, "ಯಾರೂ ಹೇಳಿಲ್ಲ ಸಾರ್" ಅಂದಳು. ಅವಳು ಹೇಳಿದ್ದು ಸರಿ. ದೂರಿನಲ್ಲಿ ಹೇಳಿದ್ದೆಲ್ಲ ನಿಜ ಅಂತ ಇಟ್ಟುಕೊಂಡರೆ ಕಾನೂನಿನಲ್ಲಿ ಪರಿಹಾರ ಕೇಳಲು ಆಗುತ್ತದಾ ಅನ್ನುವುದಷ್ಟೇ ಲಾರ್ಡ್‌ಗಳ ಮುಂದಿದ್ದ ಪ್ರಶ್ನೆ. ಸಾಕ್ಷ್ಯ ವಿಚಾರಣೆ ನಡೆಯುವ ಮೊದಲೇ ಸ್ಟೀವನ್ಸನ್ ತೀರಿಕೊಂಡರು, ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಹುಳು ಇತ್ತು ಅಂತ ಯಾವ ನ್ಯಾಯಾಲಯದಲ್ಲೂ ಸಾಬೀತಾಗಲೇ ಇಲ್ಲ.

ಆಮೇಲೆ ಆ ಹಿರಿಯ ವಕೀಲರು ಮಕ್ಕಳನ್ನೇ ವಕೀಲರಾಗಿಸಿದರು. ವಿಚಾರಣೆ ನಡೆದಿದ್ದರೆ ಮೊದಲು ಯಾರನ್ನು ಸಾಕ್ಷಿ ಕಟ್ಟೆಗೆ ಕರೆಯುತ್ತಿದ್ದಿರಿ? ಸ್ನೇಹಿತೆಯನ್ನಾ, ಕೆಫೆಯವನನ್ನಾ, ಡಾಕ್ಟರನ್ನಾ? ಬಾಟಲಿ ಎಲ್ಲಿಟ್ಟಿದ್ದೀರಿ? ಹುಳು ಬಾಟಲಿಯಿಂದಲೇ ಬಂತು, ಲೋಟದಲ್ಲಿ ಮೊದಲೇ ಇರಲಿಲ್ಲ ಅಂತ ಹೇಗೆ ಹೇಳುತ್ತೀರಿ? ಒಬ್ಬಳು ಸ್ನೇಹಿತೆಯಾದಳು, ಇನ್ನೊಬ್ಬ ತಯಾರಕನ ಪರ ಪಾಟಿಸವಾಲಿಗೆ ನಿಂತ. ಬೆಲ್ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ. ಹಾಜರಿ ಪುಸ್ತಕ ನಾನು ತೆರೆದೇ ಇರಲಿಲ್ಲ.

ಮಕ್ಕಳು ಆ ತೀರ್ಪನ್ನು ಓದಿರದೇ ಇದ್ದಿದ್ದರೆ ಅವತ್ತು ಇದ್ಯಾವುದೂ ಆಗುತ್ತಿರಲಿಲ್ಲ. ಅದಕ್ಕೇ ಈಗ ಒಂದು ವಾರ ಮೊದಲೇ ಹಾಳೆ ಹಂಚುತ್ತೇನೆ. ಹತ್ತು ಹನ್ನೆರಡು ಪುಟಕ್ಕಿಂತ ಜಾಸ್ತಿ ಕೊಡುವುದಿಲ್ಲ. ಉದ್ದದ ತೀರ್ಪಾದರೆ ಬೇಕಾದ ಭಾಗವನ್ನಷ್ಟೇ ಆರಿಸುತ್ತೇನೆ.

ಯಾರನ್ನು ಕರೆಯಬೇಕು ಅನ್ನುವುದರಲ್ಲೂ ನನ್ನ ಮನಸ್ಸು ಬದಲಾಯಿತು. ದೊಡ್ಡ ಹುದ್ದೆಯವರೇ ಬರಬೇಕು ಅಂತ ನಮ್ಮಲ್ಲಿ ಸುಮ್ನೆ ಒಂದು ನಂಬಿಕೆ ಇದೆ. ಒಮ್ಮೆ ಒಬ್ಬ ವಕೀಲರ ಗುಮಾಸ್ತರನ್ನು ಕರೆದೆ. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇಷ್ಟವಾಗಲಿಲ್ಲ. ಗುಮಾಸ್ತರಿಗೆ ನಾನು ಕಳಿಸಿದ್ದ ಪ್ರಶ್ನೆ, 'ದಾವೆ ಯಾಕೆ ವಾಪಸ್ ಬರುತ್ತದೆ?'

ಅವರು ಒಂದು ಕಡತ ತಂದಿದ್ದರು. ಅದನ್ನು ಮೇಜಿನ ಮೇಲಿಟ್ಟು ಒಂದೊಂದೇ ಹಾಳೆ ಎತ್ತಿ ತೋರಿಸಿದರು. ವಕಾಲತ್ತಿಗೆ ಕಕ್ಷಿದಾರನ ಸಹಿ ಇಲ್ಲ. ಅಫಿಡವಿಟ್ಟಿನಲ್ಲಿ ತಾರೀಕು ಇಲ್ಲ. ದಾಖಲೆ ಪಟ್ಟಿಯಲ್ಲಿ ಏಳು ಇದೆ, ಲಗತ್ತಿಸಿದ್ದು ಆರು. ಕಾಲಮಿತಿಯ ಕೊನೆಯ ದಿನ ಸಂಜೆ ಕಡತ ತಂದು ಕೊಟ್ಟರೆ, ಇಂಥ ಒಂದು ಆಕ್ಷೇಪಣೆ ಬಂದರೂ ಸರಿಪಡಿಸಲು ಹೊತ್ತೇ ಇರುವುದಿಲ್ಲ ಅಂತ ವಿವರಿಸಿದರು. "ನೀವು ಎಷ್ಟೇ ಚೆನ್ನಾಗಿ ವಾದ ಮಾಡಿ, ಕಡತ ಒಳಗೆ ಹೋದರೆ ತಾನೇ ಮೇಡಂ" ಅಂತ ಒಬ್ಬ ವಿದ್ಯಾರ್ಥಿನಿಗೆ ಹೇಳಿದರು. ಅಂತಿಮ ವರ್ಷದ ಮಕ್ಕಳು ಅಷ್ಟೊಂದು ಟಿಪ್ಪಣಿ ಬರೆದದ್ದನ್ನು ನಾನು ಬೇರೆ ಯಾವ ಉಪನ್ಯಾಸದಲ್ಲೂ ನೋಡಿಲ್ಲ. ಕಾರ್ಯಕ್ರಮ ಮುಗಿದ ಮೇಲೂ ಅವರ ಸುತ್ತ ಗುಂಪು ಕರಗಲಿಲ್ಲ.

ಪ್ರಶ್ನೆ ಕೇಳಿಸುವುದಕ್ಕೂ ಒಂದು ದಾರಿ ಮಾಡಿಕೊಂಡೆ. ಮಾತು ಮುಗಿದ ತಕ್ಷಣ "ಯಾರಿಗಾದರೂ ಪ್ರಶ್ನೆ ಇದೆಯಾ?" ಅಂತ ಕೇಳಿದರೆ ಎದ್ದು ನಿಲ್ಲುವವರು ಯಾವಾಗಲೂ ಅದೇ ಮೂರು ಜನ. ಈಗ ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತೇನೆ. ಪಕ್ಕದಲ್ಲಿ ಕೂತವರ ಜೊತೆ ಐದು ನಿಮಿಷ ಮಾತಾಡಿ ಒಂದು ಪ್ರಶ್ನೆ ಬರೆಯಬೇಕು, ಹೆಸರು ಬೇಡ. ಇಬ್ಬರು ವಿದ್ಯಾರ್ಥಿಗಳು ಚೀಟಿಗಳನ್ನು ಜೋಡಿಸಿ ಓದುತ್ತಾರೆ. ಇಂಗ್ಲಿಷಿನಲ್ಲಿ ಎದ್ದು ಕೇಳಲು ಹಿಂಜರಿಯುವವರ ಪ್ರಶ್ನೆಗಳೇ ಎಷ್ಟೋ ಸಲ ಎಲ್ಲಕ್ಕಿಂತ ಚೂಪಾಗಿರುತ್ತವೆ. ಅವು ಇಷ್ಟು ದಿನ ಬೆಂಚಿನಲ್ಲೇ ಉಳಿದು ಹೋಗುತ್ತಿದ್ದವಲ್ಲ ಅಂತ ಈಗಲೂ ನೋವಾಗುತ್ತದೆ.

ಯಾವುದನ್ನು ಕೇಳಬಾರದು ಅಂತಲೂ ಮೊದಲೇ ತಿಳಿಸುತ್ತೇನೆ. ಮೊದಲ ಕಾರ್ಯಕ್ರಮದಲ್ಲಿ ಆ ಹುಡುಗ ಪೆಚ್ಚಾದದ್ದು ನನ್ನ ತಪ್ಪಿನಿಂದ. ಬೆಂಗಳೂರು ತತ್ವಗಳು ಅಂತ ನ್ಯಾಯಾಧೀಶರ ನಡವಳಿಕೆಗೆ ಒಂದು ಅಂತರರಾಷ್ಟ್ರೀಯ ಸಂಹಿತೆ ಇದೆ. 2001ರಲ್ಲಿ ಬೆಂಗಳೂರಿನಲ್ಲಿ ಕರಡು ಸಿದ್ಧವಾಗಿ, 2002ರಲ್ಲಿ ಹೇಗ್ ನಗರದಲ್ಲಿ ಅಂತಿಮ ರೂಪ ಪಡೆಯಿತು. ತಮ್ಮ ಮುಂದಿರುವ ಅಥವಾ ಬರಬಹುದಾದ ಪ್ರಕರಣದ ಫಲಿತಾಂಶದ ಮೇಲೆ ಪರಿಣಾಮ ಬೀರುವಂಥ ಮಾತನ್ನು ನ್ಯಾಯಾಧೀಶರು ಆಡಬಾರದು ಅಂತ ಅದು ಹೇಳುತ್ತದೆ. ನ್ಯಾಯಾಧೀಶರು ಬರುವ ಮುನ್ನ ಆ ಭಾಗವನ್ನು ತರಗತಿಯಲ್ಲಿ ಓದುತ್ತೇವೆ. ಈಗ ಮಕ್ಕಳು ಮುಗಿದ ಪ್ರಕರಣಗಳನ್ನು ಹುಡುಕಿ ತರುತ್ತಾರೆ. ಅವುಗಳ ಬಗ್ಗೆ ನ್ಯಾಯಾಧೀಶರು ಮನಬಿಚ್ಚಿ ಮಾತಾಡುತ್ತಾರೆ.

ವಕೀಲರಿಗೆ ಬೇರೆ ಕಟ್ಟು ಇದೆ, ಕಕ್ಷಿದಾರನ ಗುಟ್ಟು ಕಾಯಬೇಕು. ತಾವು ಎಡವಿದ ಕೇಸಿನ ಬಗ್ಗೆ ಹೇಳುವಾಗ ಗುರುತು ಸಿಗುವ ವಿವರ ಬದಲಿಸಿ ಅಂತ ನಾನೇ ಕೇಳಿಕೊಳ್ಳುತ್ತೇನೆ. ಅಂಥ ದಿನ ರೆಕಾರ್ಡಿಂಗ್ ಇರುವುದಿಲ್ಲ, ಫೋನುಗಳೆಲ್ಲ ಚೀಲದೊಳಗೆ. ಅಂತರರಾಷ್ಟ್ರೀಯ ವಿಚಾರಗಳ ಚರ್ಚೆ ನಡೆಸುವ ಲಂಡನ್ನಿನ ಸಂಸ್ಥೆ ಚಾಥಮ್ ಹೌಸ್ 1927ರಲ್ಲಿ ಮಾಡಿಕೊಂಡ ನಿಯಮವನ್ನು ಹಾಗೇ ತೆಗೆದುಕೊಂಡಿದ್ದೇವೆ. ಇಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಹೇಳಿದವರು ಯಾರು ಅಂತ ಹೇಳಬಾರದು. ಸೋತ ಕೇಸಿನಿಂದ ಮಕ್ಕಳು ಕಲಿಯುವಷ್ಟು ಗೆದ್ದ ಕೇಸಿನಿಂದ ಕಲಿಯುವುದಿಲ್ಲ ಅನ್ನುವುದು ನನ್ನ ಅನುಭವ. ಹಾಗಾಗಿ ರೆಕಾರ್ಡಿಂಗ್ ಇಲ್ಲದಿದ್ದರೂ ನನಗೆ ಬೇಸರವಿಲ್ಲ.

ಅಣಕು ನ್ಯಾಯಾಲಯ ಸ್ಪರ್ಧೆಯ ಬಗ್ಗೆ ಎರಡೇ ಮಾತು. ತಂಡಗಳಿಗೆ ಸಂಖ್ಯೆ ಕೊಡಿ, ಕಾಲೇಜಿನ ಹೆಸರು ತೀರ್ಪುಗಾರರಿಗೆ ಗೊತ್ತಾಗಬಾರದು. ತೀರ್ಪುಗಾರರಿಗೆ ಪ್ರಕರಣದ ಟಿಪ್ಪಣಿಯನ್ನು ಮೂರು ದಿನ ಮೊದಲೇ ತಲುಪಿಸಿ. ಬೆಳಿಗ್ಗೆ ಬಂದು ಕೈಗೆ ಸಿಕ್ಕಿದ್ದನ್ನು ಓದಿ ಪ್ರಶ್ನೆ ಕೇಳಿದರೆ, ತಿಂಗಳುಗಟ್ಟಲೆ ತಯಾರಾದ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಇನ್ನು ವೇದಿಕೆ ವಿಷಯ. ಸ್ವಾಗತ, ಪರಿಚಯ, ವಂದನೆ ಎಲ್ಲ ಸೇರಿ 7 ನಿಮಿಷ ಅಂತ ಮಾಡಿದ್ದೇನೆ. ಇದನ್ನು ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. ಪರಿಚಯವನ್ನು ಒಬ್ಬ ವಿದ್ಯಾರ್ಥಿ ಮಾಡುತ್ತಾನೆ. ಪದವಿ, ಪ್ರಶಸ್ತಿಗಳ ಪಟ್ಟಿ ಓದುವುದಿಲ್ಲ. ಇವರನ್ನೇ ಈ ಪ್ರಶ್ನೆಗೆ ಯಾಕೆ ಕರೆದೆವು ಅಂತ ಮೂರು ವಾಕ್ಯದಲ್ಲಿ ಹೇಳುತ್ತಾನೆ.

ಈ ಸಲದ ಅತಿಥಿ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡುವ ಸ್ಟೆನೋಗ್ರಾಫರ್. ಪ್ರಶ್ನೆಯನ್ನು ಮಕ್ಕಳೇ ಆರಿಸಿದ್ದಾರೆ: 'ಸಾಕ್ಷಿ ಅಳುತ್ತಾ ಅರ್ಧಕ್ಕೆ ಮಾತು ನಿಲ್ಲಿಸಿದರೆ ದಾಖಲೆಯಲ್ಲಿ ಏನು ಬರುತ್ತದೆ?' ಹಂಚುವ ಹಾಳೆಗಳಿಗಾಗಿ ಒಂದು ಹಳೆಯ ಮೊಕದ್ದಮೆಯ ಹೇಳಿಕೆಗಳನ್ನು ಹುಡುಕುತ್ತಿದ್ದೇವೆ. ಮೂರು ದಿನಾಂಕ ಕಳಿಸಿದ್ದೆವು. ಮಧ್ಯದ್ದು ಅವರಿಗೆ ಆಗುತ್ತದಂತೆ.